ಮುಖ ನೋಡಿ ರೈಟ್ ಕೊಡುತ್ತಿದ್ದ ಕಂಡಕ್ಟರ್

ಅವರ ಬಸ್ಸಿನ ಹಿಂಬಾಗಿಲ ಪಕ್ಕದ ತಗಡಿನಲ್ಲಿ ಅಂಗೈ ಅಗಲದಷ್ಟು ಜಾಗ ಬಣ್ಣ ಹೋಗಿ ಬೋಳಾಗಿ ಹೊಳೆಯುತ್ತಿತ್ತು. ಒಂದು ಬಡಿತಕ್ಕೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ವರ್ಷಗಟ್ಟಲೆ ಅದೇ ಜಾಗಕ್ಕೆ ಬಡಿದು ಅವರ ಬಲಗೈಯ ಬೆರಳ ಗಂಟುಗಳು ಶುಂಠಿಯ ಹಾಗೆ ಉಬ್ಬಿಕೊಂಡಿದ್ದವು. ಕುತ್ತಿಗೆಯಲ್ಲಿ ಒಂದು ಸೀಟಿ ತೂಗುತ್ತಿತ್ತು, ಊದಿದ್ದನ್ನು ಮಾತ್ರ ನಾನು ಕೇಳಿಲ್ಲ. ಯಾಕೆ ಊದುವುದಿಲ್ಲ ಎಂದರೆ, “ಸೀಟಿ ಪೊಲೀಸರಿಗೆ. ನಾನೆಂತ ಕಳ್ಳರನ್ನು ಹಿಡಿಯುವುದುಂಟಾ?” ಎನ್ನುತ್ತಿದ್ದರು.

ಉಡುಪಿಯಿಂದ ಹೊರಟು ಮಣಿಪಾಲ, ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತುವ ಸಂಜೆಯ ಬಸ್ಸಿನ ಕಂಡಕ್ಟರ್ ಅವರು. ಮನೆ ಉಚ್ಚಿಲದಲ್ಲಿ, ಮನೆಮಾತು ಕರಾವಳಿಯ ಮುಸ್ಲಿಮರ ಬ್ಯಾರಿ. ನಾನು ಮಣಿಪಾಲದಲ್ಲಿ ಕಾಲೇಜು ಓದುತ್ತಿದ್ದೆ. ಎಪ್ಪತ್ತರ ದಶಕದ ನಡುಭಾಗ ಅದು. ಅಕ್ಕ ಘಟ್ಟದ ಮೇಲಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದುದರಿಂದ ಹದಿನೈದು ದಿನಕ್ಕೊಮ್ಮೆ, ಸೀಟಿಗಾಗಿ ಉಡುಪಿಗೇ ಹೋಗಿ, ಆ ಬಸ್ಸು ಹತ್ತುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಹಾಸ್ಟೆಲಿನ ಕಿಟಕಿಯಲ್ಲಿ ಸಾಲಾಗಿದ್ದವು. ಎದುರಿಗೆ ಯಾರಿದ್ದರೂ ಅವರು ಪ್ರತಿವಾದಿ ಎಂದೇ ನನ್ನ ಲೆಕ್ಕ. ಕಂಡಕ್ಟರು ನನಗೆ ‘ವಕೀಲರು’ ಎಂದು ಹೆಸರಿಟ್ಟಿದ್ದರು. ಉಳಿದವರೊಡನೆ ತುಳುವಿನಲ್ಲಿ ಮಾತಾಡುತ್ತಿದ್ದವರು ನನ್ನ ಹತ್ತಿರ ಬಂದಾಗ ಕನ್ನಡಕ್ಕೆ ತಿರುಗುತ್ತಿದ್ದರು.

“ಎಂತ ವಕೀಲರೇ, ಇವತ್ತು ಯಾರ ತಲೆ ತಿಂದು ಬಂದದ್ದು?”

“ನಿಮ್ಮದು ಬಾಕಿ ಉಂಟು.”

“ತಿನ್ನಿ ತಿನ್ನಿ. ಟೊಪ್ಪಿ ತೆಗೆದೇ ಇಡ್ತೇನೆ.”

ಅವರದ್ದೊಂದು ಪದ್ಧತಿ ನನಗೆ ಹಿಡಿಸುತ್ತಿರಲಿಲ್ಲ. ಚಹಾಕ್ಕೋ ನೀರಿಗೋ ಬಸ್ಸು ನಿಂತಲ್ಲೆಲ್ಲ, ಹೊರಡುವ ಮುಂಚೆ ಅವರು ಮುಂದಿನ ಸೀಟಿನಿಂದ ಹಿಂದಿನವರೆಗೆ ನಡೆದು ಪ್ರತಿಯೊಬ್ಬರ ಮುಖ ನೋಡುತ್ತಿದ್ದರು. ಮಲಗಿದವರಿದ್ದರೆ ಬಗ್ಗಿ ನೋಡುವುದು, ತಲೆಗೆ ಶಾಲು ಸುತ್ತಿಕೊಂಡಿದ್ದರೆ “ಸ್ವಲ್ಪ ಮುಖ ತೋರಿಸಿ” ಎನ್ನುವುದು. ಅದಾದ ಮೇಲೆ ಎರಡು ಬಡಿತ, “ರೈಟ್, ಪೋಯಿ!” ‘ಪೋಯಿ’ ಎಂದರೆ ತುಳುವಿನಲ್ಲಿ ‘ಹೋಗೋಣ’.

“ಇದು ಅವೈಜ್ಞಾನಿಕ,” ಎಂದೆ ಒಮ್ಮೆ. “ಇಳಿಯುವಾಗ ನಲವತ್ತು ಜನ ಇದ್ದರೆ ಹತ್ತಿದ ಮೇಲೆ ನಲವತ್ತು ಇರಬೇಕು. ತಲೆ ಎಣಿಸಿದರೆ ಅರ್ಧ ನಿಮಿಷದ ಕೆಲಸ. ನೀವು ಹೆಣ್ಣು ನೋಡಲು ಬಂದವರ ಹಾಗೆ ಮುಖ ನೋಡ್ತಾ ಹತ್ತು ನಿಮಿಷ ಹಾಳು ಮಾಡ್ತೀರಿ.”

ಬಸ್ಸಿಡೀ ನಕ್ಕಿತು. ಅವರೂ ನಕ್ಕರು. “ತೆಂಗಿನಕಾಯಿ ಆದರೆ ಎಣಿಸಬಹುದು ಮಾರಾಯ್ರೆ. ಇವರನ್ನು ಎಣಿಸಿ ಎಂತ ಮಾಡುವುದು? ನೋಡಬೇಕು.”

ಅದು ವಾದವೇ ಅಲ್ಲ ಎಂದು ನಾನು ಸಾಧಿಸಿದೆ. ಅವರು ಒಪ್ಪಲೂ ಇಲ್ಲ, ಬಿಡಲೂ ಇಲ್ಲ.

ಮಳೆಗಾಲ ಮುಗಿಯುತ್ತಾ ಬಂದ ಒಂದು ಶನಿವಾರ ಉಡುಪಿಯಲ್ಲಿ ಒಬ್ಬಳು ಪರದೇಶದ ಹೆಂಗಸು ಬಸ್ಸು ಹತ್ತಿದಳು. ಹಾಲೆಂಡಿನವಳು, ಇಪ್ಪತ್ತೈದರ ಒಳಗಿನ ವಯಸ್ಸು. ಬೆನ್ನ ಮೇಲೆ ತನ್ನಷ್ಟೇ ಎತ್ತರದ ಚೀಲ, ತಲೆಯ ಮೇಲೆ ಹುಲ್ಲಿನ ಟೊಪ್ಪಿ. ಬೆಟ್ಟ ನೋಡಲು ಒಬ್ಬಳೇ ಹೊರಟಿದ್ದಳು. ಕಂಡಕ್ಟರು ಚೀಲವನ್ನು ಬಸ್ಸಿನ ಮೇಲೆ ಕಟ್ಟಿಸಿ, ಅವಳನ್ನು ಹೆಂಗಸರ ಮೊದಲ ಸೀಟಿನಲ್ಲಿ ಕೂರಿಸಿ, ದುಭಾಷಿಯ ಕೆಲಸ ನನಗೆ ಕೊಟ್ಟರು. ಉಡುಪಿಯಲ್ಲಿ ತಿಂದದ್ದು ಯಾವುದೋ ಅವಳಿಗೆ ಒಗ್ಗಿರಲಿಲ್ಲ. ಮುಖ ಬಿಳುಚಿಕೊಂಡಿತ್ತು. ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಇದ್ದಳು. ಅದನ್ನು ನಾನು ಕಂಡೆ, ಕಂಡು ಮರೆತೆ.

ಹಿರಿಯಡ್ಕದಲ್ಲಿ ಟೈರು ಪಂಕ್ಚರಾಗಿ ಒಂದು ಗಂಟೆ ಹೋಯಿತು. ಬಜಗೋಳಿ ದಾಟಿ ಘಟ್ಟದ ಬುಡದ ಚಾದಂಗಡಿ ತಲಪುವಾಗ ಹೊತ್ತು ಮುಳುಗುತ್ತಿತ್ತು. ರೇಡಿಯೇಟರಿಗೆ ನೀರು ಹಾಕಲು ಬಸ್ಸು ಅಲ್ಲಿ ನಿಲ್ಲಲೇಬೇಕು. ರಂಜಾನ್ ತಿಂಗಳು, ನೋಂಬಿನ ಉಪವಾಸ. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯದ ಕಂಡಕ್ಟರು ಉಪವಾಸ ಬಿಡಲು ಅಂಗಡಿಯ ಗೋಡೆಯ ಬದಿಯಲ್ಲಿ ಕೂತು ಖರ್ಜೂರದ ಪೊಟ್ಟಣ ಬಿಚ್ಚಿದರು. ಬಸ್ಸಿನೊಳಗೆ ಗಲಾಟೆ. ಕಾಂಟ್ರಾಕ್ಟರೊಬ್ಬರು ಮುಂದಿನ ಸೀಟಿನಿಂದ, “ಇವತ್ತು ತಲಪುವ ಅಂದಾಜು ಉಂಟಾ, ಇಲ್ವಾ?” ಎಂದು ಕೂಗಿದರು.

“ನೀವು ಕೂತು ನಿಧಾನಕ್ಕೆ ನೀರು ಕುಡಿಯಿರಿ,” ಎಂದೆ ನಾನು. “ಇವತ್ತು ನಾನು ಎಣಿಸ್ತೇನೆ.”

ಅವರು ನನ್ನ ಮುಖವನ್ನೊಮ್ಮೆ ನೋಡಿದರು. “ಸರಿಯಾಗಿ ಆಗ್ತದಲ್ವಾ ವಕೀಲರೇ?”

ಇಳಿಯುವ ಮುಂಚೆ ಮೂವತ್ತೆಂಟು ಜನರಿದ್ದರು. ಎಲ್ಲರೂ ಹತ್ತಿದ ಮೇಲೆ ಬೆರಳು ಮಾಡಿ ಎಣಿಸಿದೆ. ಮೂವತ್ತೆಂಟು. ಖಚಿತವಾಗಲೆಂದು ಇನ್ನೊಮ್ಮೆ ಎಣಿಸಿದೆ. ಮೂವತ್ತೆಂಟೇ. ಹಿಂಬಾಗಿಲಿಗೆ ಬಂದು ಆ ಬೋಳು ಜಾಗಕ್ಕೆ ನಾನೇ ಎರಡು ಬಡಿದೆ. ಕಂಡಕ್ಟರು ಬಾಯಿ ಒರೆಸಿಕೊಳ್ಳುತ್ತಾ ಓಡಿ ಬಂದು ಹತ್ತಿದರು. ನಾನು ಗೆದ್ದಿದ್ದೆ.

ಎಂಟು ತಿರುವು ಹತ್ತಿದ ಮೇಲೆ ಹೊಸ ಟಿಕೆಟ್ ಕೇಳಲು ಅವರು ಮುಂದೆ ಹೋದರು. ಹೆಂಗಸರ ಮೊದಲ ಸೀಟಿನಲ್ಲಿ ಕೋಳಿ ಹಿಡಿದುಕೊಂಡ ಒಬ್ಬಳು ಅಜ್ಜಿ ಕೂತಿದ್ದಳು. ಅವಳ ಪಕ್ಕದಲ್ಲಿ ಆ ಹುಲ್ಲಿನ ಟೊಪ್ಪಿ ಬಿದ್ದಿತ್ತು.

“ಅಜ್ಜೀ, ನೀವು ಹತ್ತಿದ್ದು ಎಲ್ಲಿ?”

“ಚಾದಂಗಡಿಯ ಹತ್ರ, ಮಗಾ.”

ಅವರು ಟೊಪ್ಪಿ ಎತ್ತಿಕೊಂಡು ಹಿಂದೆ ತಿರುಗಿ ನನ್ನನ್ನು ನೋಡಿದರು. ನನಗೆ ಆಗ ಹೊಳೆಯಿತು. ಒಬ್ಬಳು ಹತ್ತಿದ್ದಾಳೆ, ಒಬ್ಬಳು ಉಳಿದಿದ್ದಾಳೆ. ಲೆಕ್ಕ ಸರಿಯಾಗಿಯೇ ಇತ್ತು.

ಒಂದು ಬಡಿತಕ್ಕೆ ಬಸ್ಸು ನಿಂತಿತು. ಆ ರಸ್ತೆಯಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ. ಹಿಂದಿನಿಂದ ಬೇರೆ ಬಸ್ಸೂ ಇಲ್ಲ. “ಅಂಗಡಿಯವನು ನೋಡಿಕೊಳ್ತಾನೆ, ಬಿಡಿ,” ಎಂದರು ಕಾಂಟ್ರಾಕ್ಟರು. ಆ ಅಂಗಡಿ ಕತ್ತಲಾಗುತ್ತಲೇ ಮುಚ್ಚುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಂಡಕ್ಟರು ಡ್ರೈವರನ ಟಾರ್ಚು ತೆಗೆದುಕೊಂಡರು. ಹೆಗಲಿನಿಂದ ಚರ್ಮದ ಚೀಲ ಕಳಚಿ ನನ್ನ ಕುತ್ತಿಗೆಗೆ ಹಾಕಿದರು. “ಮೇಲೆ ಮುಟ್ಟುವವರೆಗೆ ನೀವು ನೋಡಿಕೊಳ್ಳಿ,” ಎಂದಷ್ಟೇ ಹೇಳಿ ಇಳಿದು, ಬಂದ ದಾರಿಯಲ್ಲೇ ಕೆಳಗೆ ನಡೆದರು.

ಘಟ್ಟದ ಮೇಲೆ ಬಸ್ಸು ನಿಲ್ಲುವಲ್ಲಿ ನಾನೂ ಡ್ರೈವರನೂ ಕಾಯುತ್ತಾ ಕೂತೆವು. ಅವನು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದ. ಎರಡು ಗಂಟೆಯ ನಂತರ ಮರದ ಲಾರಿಯೊಂದು ಅವರಿಬ್ಬರನ್ನು ತಂದು ಇಳಿಸಿತು. ಹೊಟ್ಟೆಯ ಬಾಧೆಗೆ ಅವಳು ನೀರಿನ ಬಾಟಲಿ ಹಿಡಿದು ತೋಡಿನ ನೀರು ದಾಟಿ ಆಚೆಗೆ ಹೋಗಿದ್ದಳಂತೆ. ವಾಪಸು ಬರುವಾಗ ಬಸ್ಸಿನ ಶಬ್ದ ಮಾತ್ರ ಕೇಳಿಸಿತಂತೆ. ಪಾಸ್‌ಪೋರ್ಟು ಸಮೇತ ಎಲ್ಲವೂ ಬಸ್ಸಿನ ಮೇಲಿದ್ದ ಚೀಲದಲ್ಲಿ. ಗಾಬರಿಯಲ್ಲಿ ಒಬ್ಬಳೇ ಘಟ್ಟ ಹತ್ತಲು ಶುರುಮಾಡಿದ್ದಳು. ಮೂರನೆಯ ತಿರುವಿನಲ್ಲಿ ಎದುರಿನಿಂದ ಟಾರ್ಚಿನ ಬೆಳಕು ಬಂದಾಗ ಹೆದರಿ ಕಲ್ಲು ಎತ್ತಿಕೊಂಡಳಂತೆ. ಅವರು ದೂರದಲ್ಲೇ ನಿಂತು, ಟಾರ್ಚನ್ನು ತಮ್ಮ ಮುಖದ ಮೇಲೆ ಬಿಟ್ಟುಕೊಂಡು, ಅವಳ ಟೊಪ್ಪಿ ಎತ್ತಿ ತೋರಿಸಿದರು. ಅವಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ಉಳಿದ ಖರ್ಜೂರವನ್ನು ಅವಳ ಕೈಗೆ ಹಾಕಿ, ಲಾರಿ ಸಿಗುವವರೆಗೆ ಹತ್ತು ಹೆಜ್ಜೆ ಮುಂದೆಯೇ ನಡೆದರಂತೆ. ಟಾರ್ಚು ಮಾತ್ರ ಹಿಂದಕ್ಕೆ, ಅವಳ ಕಾಲಿನ ಬುಡಕ್ಕೆ.

ಕಾಂಟ್ರಾಕ್ಟರು ಮರುದಿನವೇ ಬಸ್ಸಿನ ಧಣಿಗೆ ದೂರು ಮುಟ್ಟಿಸಿದರು. ದೂರು ಹೀಗಿತ್ತು: ಕಂಡಕ್ಟರು ನೋಂಬು ಬಿಡುವ ಗಡಿಬಿಡಿಯಲ್ಲಿ ಹೆಂಗಸನ್ನು ಬಿಟ್ಟು ಬಂದ, ಆಮೇಲೆ ಬಸ್ಸನ್ನು ನಡುದಾರಿಯಲ್ಲಿ ಬಿಟ್ಟು ಅವಳ ಹಿಂದೆ ಕಾಡಿಗೆ ಹೋದ. ಎರಡನೆಯ ಮಾತಿಗೆ ಬಸ್‌ಸ್ಟ್ಯಾಂಡಿನಲ್ಲಿ ಬಾಲ ಕೊಂಬು ಎಲ್ಲ ಹುಟ್ಟಿಕೊಂಡವು.

ಸೋಮವಾರ ಕಾರ್ಕಳದಲ್ಲಿ ಧಣಿಯ ಎದುರು ವಿಚಾರಣೆ. ನಾನಾಗಿಯೇ ಹೋದೆ. ಹತ್ತು ನಿಮಿಷ ಮಾತಾಡಿದೆ. ಅತಿಥಿಯ ರಕ್ಷಣೆ, ಕಂಡಕ್ಟರನ ಕರ್ತವ್ಯದ ವ್ಯಾಪ್ತಿ, ಟಾರ್ಚಿನ ಬೆಳಕು ಯಾವ ಕಡೆಗಿತ್ತು, ಎಲ್ಲವನ್ನೂ ಹೇಳಿದೆ. ನನ್ನ ಅತ್ಯುತ್ತಮ ಭಾಷಣ ಅದು. ಧಣಿ ತಲೆದೂಗಿದರು.

“ಮಾತು ಚೆಂದ ಉಂಟು. ಕಾಡಿನ ಕತೆ ನಾನು ನಂಬುವುದಿಲ್ಲ, ಬಿಡಿ. ಆದರೆ ಚಾದಂಗಡಿಯಲ್ಲಿ ಜನ ನೋಡದೆ ರೈಟ್ ಕೊಟ್ಟದ್ದು ಯಾರು?”

ನಾನು ಬಾಯಿ ತೆರೆದೆ. ‘ನಾನು’ ಎಂಬ ಒಂದು ಶಬ್ದ ಸಾಕಿತ್ತು. ಎಲ್ಲೂ ಸೋಲದವನಿಗೆ ಅದು ಬರಲಿಲ್ಲ.

“ನೋಡಬೇಕಾದವ ನಾನು. ನೋಡಲಿಲ್ಲ,” ಎಂದರು ಕಂಡಕ್ಟರು.

ಅವರನ್ನು ಘಟ್ಟದ ಲೈನಿನಿಂದ ತೆಗೆದು ಉಡುಪಿ–ಕಾಪು ನಡುವಿನ ಗಿಡ್ಡ ಲೈನಿಗೆ ಹಾಕಿದರು. ಆ ಬಸ್ಸು ನೀರಿಗಾಗಿ ಚಹಾಕ್ಕಾಗಿ ಎಲ್ಲಿಯೂ ನಿಲ್ಲುವುದಿಲ್ಲ. ಮುಖ ನೋಡುವ ಕೆಲಸವೇ ಅಲ್ಲಿಲ್ಲ. ಕಾಡಿನ ಕತೆಯನ್ನು ಧಣಿ ನಂಬದಿದ್ದರೂ, ಅದಕ್ಕೇ ತೆಗೆದರು ಎಂದು ಊರು ನಂಬಿತು.

ತಿಂಗಳಾದ ಮೇಲೆ ಕಾಪುವಿನಲ್ಲಿ ಅವರನ್ನು ಕಂಡು, “ತಪ್ಪು ನನ್ನದು,” ಎಂದೆ.

“ಅದು ನನಗೆ ಗೊತ್ತುಂಟಲ್ಲ ವಕೀಲರೇ. ಗೊತ್ತಿಲ್ಲದವರಿಗೆ ಹೇಳಬೇಕಾದ್ದು.” ಸಿಟ್ಟಿರಲಿಲ್ಲ. ಮೀನಿನ ಬುಟ್ಟಿಯೊಂದನ್ನು ಹತ್ತಿಸುತ್ತಾ ಹೇಳಿದರು. ಆಮೇಲೆ, “ಆ ಹೆಂಗಸಿನ ಹೊಟ್ಟೆ ಸರಿಯಾಯಿತಾ?” ಎಂದು ಕೇಳಿದರು.

ನಾನು ಯಾರಿಗೂ ಹೇಳಲಿಲ್ಲ. ನಿಜವಾಗಿಯೂ ವಕೀಲನಾದೆ. ಬೇರೆಯವರಿಂದ ಸತ್ಯ ಹೇಳಿಸುವ ಕೆಲಸ ಮಾಡಿದೆ.

ಮೊನ್ನೆ ಅವರು ತೀರಿಕೊಂಡರು. ಕೆಲಸದಲ್ಲಿದ್ದಾಗಲೇ, ಎದೆನೋವು. ಉಚ್ಚಿಲಕ್ಕೆ ಹೋಗಲು ಕಾರ್ಕಳದಿಂದ ಒಂದು ಬಸ್ಸು ಬಿಟ್ಟಿದ್ದರು. ಹಳೆಯ ಡ್ರೈವರುಗಳು, ಕಂಡಕ್ಟರುಗಳು, ಏಜೆಂಟರು, ಅದೇ ಲೈನಿನ ಹಳೆ ಪ್ರಯಾಣಿಕರು. ಮುದುಕರಾದ ಧಣಿಯೂ ಬಂದಿದ್ದರು. ಮಣ್ಣು ಮಾಡಿ ವಾಪಸು ಬಂದು ಎಲ್ಲರೂ ಹತ್ತಿದರು. ಸ್ಟೇರಿಂಗಿನಲ್ಲಿ ಅಂದಿನ ಅದೇ ಡ್ರೈವರು. ಇಂಜಿನು ಚಾಲೂ ಮಾಡಿದವನು ಬಸ್ಸು ಬಿಡದೆ ಕೂತ. ಎರಡು ಬಡಿತಕ್ಕೆ ಕಾಯುತ್ತಿದ್ದ. ಹಿಂಬಾಗಿಲಲ್ಲಿ ಯಾರೂ ಇರಲಿಲ್ಲ.

ನಾನು ಎದ್ದು ಮುಂದೆ ಹೋದೆ. ಧಣಿಯ ಸೀಟಿನ ಪಕ್ಕದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಆ ದಿನ ಚಾದಂಗಡಿಯಲ್ಲಿ ಎಣಿಸಿದ್ದು ನಾನು. ರೈಟ್ ಕೊಟ್ಟದ್ದೂ ನಾನೇ. ಅವರಲ್ಲ.”

ಧಣಿ ನನ್ನನ್ನು ನೋಡಿ ಕಿಟಕಿಯ ಕಡೆಗೆ ತಿರುಗಿದರು. ಡ್ರೈವರು ತಲೆಯ ಮೇಲಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

“ನನಗೆ ಆ ದಿನವೇ ಕನ್ನಡಿಯಲ್ಲಿ ಕಂಡಿದೆ,” ಎಂದ. “ಹೇಳುವುದು ಬೇಡ, ಹುಡುಗನೇ ಒಂದು ದಿನ ಹೇಳ್ತಾನೆ ಅಂತ ಅವರು ನನ್ನ ಬಾಯಿ ಮುಚ್ಚಿಸಿದ್ದು. ಹತ್ತು ವರ್ಷ ಬೇಕಾಯಿತಾ ಮಾರಾಯಾ ನಿನಗೆ?” ಹಿಂಬಾಗಿಲ ಕಡೆಗೆ ಕೈ ತೋರಿಸಿ, “ಹೋಗು. ಎಲ್ಲರೂ ಬಂದ್ರಾ ನೋಡು,” ಎಂದ.

ಮುಂದಿನ ಸೀಟಿನಿಂದ ಶುರುಮಾಡಿದೆ. ಮೊದಲು ಧಣಿಯ ಮುಖ. ಆಮೇಲೆ ಒಬ್ಬೊಬ್ಬರದ್ದೇ. ಕೆಲವರು ನನ್ನನ್ನು ನೇರ ನೋಡಿದರು, ಕೆಲವರು ನೋಡಲಿಲ್ಲ. ಅಂಥವರ ಎದುರು ಅವರು ತಲೆ ಎತ್ತುವವರೆಗೆ ನಿಂತೆ. ಹಿಂಬಾಗಿಲು ತಲಪುವಾಗ ಬಹಳ ಹೊತ್ತಾಗಿತ್ತು. ಬಸ್ಸಿನಲ್ಲಿ ಎಷ್ಟು ಜನ ಇದ್ದರೆಂದು ಕೇಳಿದರೆ ನನಗೆ ಗೊತ್ತಿಲ್ಲ. ತಗಡಿಗೆ ಎರಡು ಬಡಿದೆ.