ಈರಪ್ಪ ಕಾಕಾ ತೆರೆಸಿದ ಕಣ್ಣುಗಳು

ಈರಪ್ಪ ಕಾಕಾರ ಪಡಸಾಲೆಯಲ್ಲಿ ಬೀದರ ಸೀಮೆಯ ಜಾಗೀರದಾರರು ಕಣ್ಣಿಲ್ಲದೆ ಕೂತಿದ್ದರು. ಶೇರ್ವಾನಿ, ಪದಕ, ಮೊಣಕಾಲ ಮೇಲೆ ತಲವಾರು, ತಿರುವಿದ ಮೀಸೆ, ಎಲ್ಲ ಇತ್ತು. ಕಣ್ಣಿರುವಲ್ಲಿ ಬರೀ ಬಿಳಿ ಬಟ್ಟೆ. ಭಾಲ್ಕಿಗೆ ಹೊಸ ಸೊಸೆಯಾಗಿ ಬಂದ ನಾನು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿ, ಆ ಚಿತ್ರಗಳನ್ನು ಕಂಡು ಚೀರಿಬಿಟ್ಟಿದ್ದೆ.

"ಅಂಜಬ್ಯಾಡವಾ. ದೇವರಿದ್ರೂ ಅಷ್ಟ, ದೊರಿ ಇದ್ರೂ ಅಷ್ಟ. ಕಣ್ಣು ಕಡೀಗೇ ತೆರಸಬೇಕು," ಎಂದು ಕಾಕಾ ನಕ್ಕಿದ್ದರು.

ಬಲು ಕುಚೋದ್ಯದ ಮನುಷ್ಯ. ನಿಜಾಮರ ಕಾಲದಲ್ಲಿ ದೊಡ್ಡವರ ತಸ್ವೀರು ಬರೆದೇ ಹೊಟ್ಟೆ ಹೊರೆದವರು. ನರಪೇತಲ ಜಾಗೀರದಾರನ ಎದೆ ಉಬ್ಬಿಸಿ ಬರೆದು, "ಒಳಗ ಹೊಟ್ಟು ತುಂಬೇನಿ," ಎನ್ನುವರು.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿಯಿತು. ಬರೆಸಿಕೊಂಡವರು ಊರು ಬಿಟ್ಟರು, ಚಿತ್ರಗಳು ಉಳಿದವು. ಗಲಾಟೆಯಲ್ಲಿ ಹೆಣಗಳು ಬಿದ್ದಿದ್ದ ಔರಾದ ಕಡೆ ಹೋಗಿಬಂದ ಕಾಕಾ ಮತ್ತೆ ಕುಂಚ ಹಿಡಿದರು. ಆ ಚಿತ್ರಗಳಿಗೆ ಕಣ್ಣು ತೆರೆಸತೊಡಗಿದರು. ಜಾಗೀರದಾರರ ಕಣ್ಣುಗಳಲ್ಲ. ಒಂದರಲ್ಲಿ ರಜಾಕಾರರ ಹಾವಳಿಯಲ್ಲಿ ಸತ್ತ ಗೌಳಿ ಮಲ್ಲಣ್ಣನ ಕಣ್ಣು, ಇನ್ನೊಂದರಲ್ಲಿ ಆಮೇಲಿನ ಗಲಾಟೆಯಲ್ಲಿ ಸತ್ತ ಬಳೆಗಾರ ಸಾಬರದು. ನಮಗೆ ಗೊತ್ತಿದ್ದವರು ಪರರ ಮುಖದೊಳಗಿಂದ ನೋಡುತ್ತಿದ್ದರು.

"ದೊರಿಗೋಳ ಆಟದಾಗ ಸತ್ತವರಿವರು. ದೊರಿಗೋಳ ಮಾರಿ ಮ್ಯಾಲೇ ಇರ್ಲಿ," ಎಂದರು. "ಬದುಕಿದ್ದವರ ಕಣ್ಣು ನಾ ಬರಿಯೂದಿಲ್ಲ."

ಈ ಮಾತು ಊರೆಲ್ಲ ಹಬ್ಬಿತು. ಹಿಂದಿನ ಓಣಿಯ ಖಾಜಾಬಿ ಬಂದಳು. ಗಲಾಟೆಯಲ್ಲಿ ಕಾಣೆಯಾದ ಗಂಡ ಬಂದೇ ಬರುತ್ತಾನೆಂದು, ಜನ ಎಷ್ಟು ಹೇಳಿದರೂ ಬಳೆ ಒಡೆಯದೆ ಕಾದವಳು. ಒಂದೊಂದೇ ಚಿತ್ರ ನೋಡಿ, "ಅಲ್ಲ... ಇವರೂ ಅಲ್ಲ," ಎಂದು ಉಸಿರು ಬಿಡುತ್ತ ಬಂದವಳು ಕೊನೆಯದರ ಮುಂದೆ ನಿಂತುಬಿಟ್ಟಳು. ಅದರ ಎಡಗಣ್ಣಿನಲ್ಲಿ ಬಿಳಿ ಹೂ ಬಿದ್ದಿತ್ತು, ಅವಳ ಗಂಡನಿಗೆ ಇದ್ದಂತೆಯೇ.

"ಕಾಕಾ, ಎಲ್ಲಿ ನೋಡಿದ್ರಿ ಇವರ್ನ?"

ಕಾಕಾ ಚಿತ್ರವನ್ನು ಗೋಡೆಯ ಕಡೆ ತಿರುಗಿಸಹೋದರು.

"ಅಳಸ್ರಿ ಕಾಕಾ. ನಿಮ್ಮ ಕಾಲಿಗಿ ಬೀಳ್ತೇನ್ರಿ."

ಬರೆದದ್ದನ್ನು ಎಂದೂ ತಿದ್ದದ ಮನುಷ್ಯ ಕುಂಚ ಎತ್ತಿಕೊಂಡರು. ಆ ಕಣ್ಣುಗಳ ಮೇಲೆ ಮೆಲ್ಲಗೆ ರೆಪ್ಪೆ ಇಳಿಸಿದರು. ತಲವಾರು ಹಿಡಿದ ಜಾಗೀರದಾರ ಕೂತಲ್ಲೇ ನಿದ್ದೆಹೋದ.

"ಮಲಗ್ಯಾನ ನೋಡವಾ. ಬಳಿ ಇರ್ಲಿ, ತಗೀಬ್ಯಾಡ."

ಕಾಕಾ ಹೋಗಿ ಎಷ್ಟೋ ಕಾಲವಾಯಿತು. ಖಾಜಾಬಿ ಬಳೆ ತೊಟ್ಟುಕೊಂಡೇ ಮಣ್ಣಾದಳು. ಯಾರಿಗೂ ಬೇಡವಾದ ಆ ಚಿತ್ರವನ್ನು ನಾನು ತಂದಿಟ್ಟುಕೊಂಡೆ. ಮೇಲಿನ ಬಣ್ಣ ಈಗ ಉದುರುತ್ತಿದೆ. ಎಡರೆಪ್ಪೆ ಬಿರಿದು ಒಳಗಿನ ಬಿಳಿ ಹೂ ಇಣುಕುತ್ತಿದೆ. ಅವಳೇ ಇಲ್ಲವಲ್ಲ, ಎದ್ದರೆ ಏಳಲಿ ಬಿಡು ಎಂದುಕೊಳ್ಳುತ್ತೇನೆ. ಆದರೂ ಆ ಕೋಣೆಗೆ ಹೋಗುವಾಗ, ನನ್ನ ಬಳೆಗಳನ್ನು ಕೈಯಿಂದ ಒತ್ತಿಹಿಡಿದು, ಸದ್ದಾಗದಂತೆ ನಡೆಯುತ್ತೇನೆ.