ಜೆಲ್ಯಾಜ್ಕೊನ ಗೋಣು

ನಮ್ಮ ಬಲ್ಗೇರಿಯದಲ್ಲಿ ಒಲ್ಲೆ ಅನ್ನುವವರು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಹೂಂ ಅನ್ನುವವರು ಅಡ್ಡಡ್ಡ ಆಡಿಸುತ್ತಾರೆ. ಲೋಕವೆಲ್ಲ ಉಲ್ಟಾ ಆಡಿಸಿಕೊಂಡು ಕೂತರೆ ಅದಕ್ಕೆ ನಾವು ಹೊಣೆಯೇ? ಕಪ್ಪು ಸಮುದ್ರದ ದಡದ ನಿಲ್ದಾಣದಲ್ಲಿ ನನ್ನ ಜೊತೆ ವಿಮಾನ ರಿಪೇರಿ ಮಾಡುತ್ತಿದ್ದ ಜೆಲ್ಯಾಜ್ಕೊ ಇಂಗ್ಲಿಷ್ ಓದುತ್ತಿದ್ದ. ಬಾಯಿ ಬಿಡಬೇಕೆಂದರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತಿತ್ತು. ಅಲ್ಲಿಗೆ ವಿಮಾನ ಹಾರಿಸಿಕೊಂಡು ಬರುತ್ತಿದ್ದ ಪೋರ್ಚುಗಲ್‌ನ ಕ್ಯಾಪ್ಟನ್ ದುವಾರ್ತೆಯ ಇಂಗ್ಲಿಷೋ, ಪೂರ್ತಿ ಮೂಗಿನಿಂದಲೇ ಬರುತ್ತಿತ್ತು. ಹೀಗಾಗಿ ಇಬ್ಬರೂ ಸನ್ನೆಯಲ್ಲೇ ಸಂಸಾರ ಸಾಗಿಸಿದ್ದರು.

ಒಂದು ದಿನ ವಿಮಾನದಿಂದ ಎಣ್ಣೆ ಸೋರುತ್ತಿತ್ತು. "ಹೊರಡಬಹುದಾ?" ಎಂದು ಕ್ಯಾಪ್ಟನ್ ಕೇಳಿದ. ಜೆಲ್ಯಾಜ್ಕೊ ಬೇಡವೆಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಕ್ಯಾಪ್ಟನ್ ಖುಷಿಯಾಗಿ ಹೊರಟೇಬಿಟ್ಟ! ನಾನು ಬೊಬ್ಬೆ ಹೊಡೆದು ನಿಲ್ಲಿಸಬೇಕಾಯಿತು.

ಮೇಲಿನವರು ಎಚ್ಚೆತ್ತರು. ಪರದೇಶದವರ ಹಾಗೆ ಗೋಣಾಡಿಸು ಎಂದು ಜೆಲ್ಯಾಜ್ಕೊಗೆ ತರಬೇತಿ ಕೊಟ್ಟರು. ಅತ್ತ ಕ್ಯಾಪ್ಟನ್‌ಗೂ ಅವನ ಕಂಪನಿಯವರು, ಬಲ್ಗೇರಿಯದವರ ಗೋಣನ್ನು ಉಲ್ಟಾ ಅರ್ಥ ಮಾಡಿಕೋ ಎಂದು ಕಲಿಸಿದರು. ಇವರು ಅವರಿಗೆ ಹೇಳಲಿಲ್ಲ, ಅವರು ಇವರಿಗೆ ಹೇಳಲಿಲ್ಲ. ಇಬ್ಬರಿಗೂ ಸರ್ಟಿಫಿಕೇಟು ಬೇರೆ ಕೇಡು!

ಆಮೇಲೊಂದು ಬೆಳಿಗ್ಗೆ ವಿಮಾನದ ಟೈರು ಸೀಳಿಹೋಗಿತ್ತು. ಒಳಗೆ ಜನ ತುಂಬಿದ್ದರು. ಓಡುವಾಗ ಟೈರು ಸಿಡಿದರೆ ಅಷ್ಟೂ ಜನರ ಗತಿಯೇನು? ಹೊರಡೋಣವೇ ಎಂದು ಕ್ಯಾಪ್ಟನ್ ಕಿಟಕಿಯಿಂದ ಸನ್ನೆ ಮಾಡಿದ. ಜೆಲ್ಯಾಜ್ಕೊ ಬೇಡವೆನ್ನಲು, ತಾನು ಕಲಿತಂತೆ, ಅಡ್ಡಡ್ಡ ತಲೆಯಾಡಿಸಿದ. ಕ್ಯಾಪ್ಟನ್ ತಾನು ಕಲಿತಂತೆ ಅದನ್ನು ಹೂಂ ಎಂದುಕೊಂಡು ಕಿಟಕಿ ಮುಚ್ಚಿದ.

"ಥೂ, ಈ ತರಬೇತಿ ಮನೆ ಹಾಳಾಗ!" ಎನ್ನುತ್ತ ಜೆಲ್ಯಾಜ್ಕೊ ಓಡಿ, ವಿಮಾನದ ಮೂತಿಯೆದುರು ಸ್ವಲ್ಪ ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಹೆಂಡತಿ ಕಟ್ಟಿಕೊಟ್ಟಿದ್ದ ಬಾನಿತ್ಸ, ಅಂದರೆ ಚೀಸ್ ತುಂಬಿದ ನಮ್ಮ ಕಡುಬು, ಬಿಚ್ಚಿ ತಿನ್ನತೊಡಗಿದ.

ಮ್ಯಾನೇಜರ್ ದಿಮೋವ್ ಓಡಿಬಂದ. "ಏಳಯ್ಯಾ ಮೇಲೆ! ಕೂರೋದನ್ನ ಯಾವ ತರಬೇತೀಲಿ ಹೇಳ್ಕೊಟ್ರು?"

"ತಲೆ ಆಡ್ಸೋದು ಹೇಳ್ಕೊಟ್ರಲ್ಲ ಸಾರ್, ನೋಡಿ ಎಲ್ಲಿಗೆ ಬಂತು! ಆ ಟೈರ್ ನೋಡೋವರ್ಗೂ ನಾನಂತೂ ಏಳಲ್ಲ."

ಕ್ಯಾಪ್ಟನ್ ಇಳಿದುಬಂದ. ಜೆಲ್ಯಾಜ್ಕೊ ಬೆರಳು ತೋರಿಸಿದ ಕಡೆ ಹೋಗಿ ಟೈರಿನ ಸೀಳು ಮುಟ್ಟಿ ನೋಡಿದ. ಮುಖ ಬಿಳಿಚಿಕೊಂಡಿತು. ತಿರುಗಿ ಬಂದವನು ಅವನ ಪಕ್ಕದಲ್ಲೇ ಕುಸಿದು ಕೂತ. ಜೆಲ್ಯಾಜ್ಕೊ ಬಾನಿತ್ಸ ಮುರಿದು ಅರ್ಧ ಕೊಟ್ಟ.

"ಈಗ ಇದು ಹೋಗುತ್ತೋ ಇಲ್ವೋ, ಯಾರಾದ್ರೂ ಹೇಳ್ರಪ್ಪಾ!" ದಿಮೋವ್ ಅರಚಿದ.

ಬಾಯಿ ತುಂಬ ತಿಂಡಿ. ಇಬ್ಬರೂ ತರಬೇತಿ ಮರೆತು ಒಟ್ಟಿಗೇ ತಲೆ ಆಡಿಸಿದರು. ನಮ್ಮವನು ಮೇಲೆ ಕೆಳಗೆ, ಕ್ಯಾಪ್ಟನ್ ಅಡ್ಡಡ್ಡ. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು.