ಅರ್ಧ ಮಾಡಿದ ಮಾತ್ರೆ

ಬಟ್ಟೆ ಹೊಲಿಯುವ ಹೆಂಗಸು ಗಿರಾಕಿಗಳನ್ನು ಮತ್ತೆ ಬಯ್ಯತೊಡಗಿದಾಗ ಅವಳ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಖಿನ್ನತೆ ಹಿಡಿದು ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದವಳು, ಡಾಕ್ಟರು ಕೊಟ್ಟ ಮಾತ್ರೆ ನುಂಗತೊಡಗಿದ ಮೇಲೆ ನಿಧಾನವಾಗಿ ಎದ್ದು ಅಂಗಡಿ ತೆರೆದಿದ್ದಳು. "ಕೋಟು ಕುಗ್ಗಿಲ್ಲ ಸ್ವಾಮಿ, ನೀವು ಹಿಗ್ಗಿದ್ದೀರಿ!" ಎಂದು ಒಬ್ಬರನ್ನು ಝಾಡಿಸಿದ್ದನ್ನು ಅಕ್ಕ ಓಣಿಗೆಲ್ಲ ಹೇಳಿಕೊಂಡು ಬಂದಳು.

ಚೇತರಿಸಿಕೊಂಡವಳಿಗೆ ಒಂದು ಬುದ್ಧಿ ಓಡಿತು. ಮೈ ಇಳಿದರೆ ಬಟ್ಟೆಯನ್ನು ಒಳಗೆ ಹಿಡಿದು ಬಿಗಿ ಮಾಡುವುದಿಲ್ಲವೇ? ಕಾಯಿಲೆ ಇಳಿದಿದೆ, ಮಾತ್ರೆಯನ್ನೂ ಇಳಿಸಬೇಕು. ಯಾರನ್ನೂ ಕೇಳದೆ, ಗುಂಡಿಯ ಕಾಜಾ ಕತ್ತರಿಸುವ ಸಣ್ಣ ಕತ್ತರಿಯಿಂದ ಮಾತ್ರೆಯನ್ನು ಸರಿಯಾಗಿ ಎರಡು ಮಾಡಿ ಒಂದನ್ನು ನುಂಗಿದಳು.

ಮಧ್ಯಾಹ್ನದೊಳಗೆ ತಲೆ ಗಿರ್ರೆಂದಿತು, ಹೊಟ್ಟೆ ತೊಳೆಸಿತು, ಬೆವೆತ ಬೆರಳಿನಿಂದ ಸೂಜಿ ಜಾರಿತು. ಹಳೆಯ ಕಾಯಿಲೆಯೇ ಮರಳಿ ಬಂತೆಂದು ಹೆದರಿದಳು. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಮಿಷಿನ್ನಿನಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

ಅವಳ ಕಥೆ ಕೇಳಿ ಡಾಕ್ಟರು ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೆ.

"ಇದು ನಿಧಾನವಾಗಿ ಕರಗೋ ಮಾತ್ರೆ, ಅಮ್ಮಾ. ಮೇಲಿನ ಲೇಪ ಇಡೀ ದಿನ ಔಷಧಿನ ಸ್ವಲ್ಪಸ್ವಲ್ಪವೇ ಬಿಡುತ್ತೆ. ನೀವು ಕತ್ತರಿಸಿದ್ದಕ್ಕೆ ಒಟ್ಟಿಗೇ ರಕ್ತಕ್ಕೆ ನುಗ್ಗಿದೆ."

"ಅರ್ಧ ತಾನೇ ತಗೊಂಡಿದ್ದು?"

"ಅರ್ಧಾನೇ. ದಿನವಿಡೀ ಬರಬೇಕಾದ್ದು ಸ್ವಲ್ಪ ಹೊತ್ತಲ್ಲೇ ಬಂತು."

ಮಿದುಳಿನ ನರಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸಲು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಬಿಟ್ಟದ್ದನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತವನ್ನು ಮಾತ್ರೆ ತಡೆದು, ಅದನ್ನು ಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಸುತ್ತದೆ. ಇದಕ್ಕೆ ಮಿದುಳು ಒಗ್ಗಲು ವಾರಗಳು ಬೇಕು; ಬಿಡಿಸುವಾಗಲೂ ಅವಸರ ಕೂಡದು. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಕಡಿಮೆ ಪ್ರಮಾಣದ ಮಾತ್ರೆ ಬರೆದುಕೊಟ್ಟು ಹಂತಹಂತವಾಗಿ ಇಳಿಸುವುದು ತಮ್ಮ ಕೆಲಸವೆಂದು ಡಾಕ್ಟರು ಬಿಡಿಸಿ ಹೇಳಿದರು. ನಾಳೆಯಿಂದ ಇಡೀ ಮಾತ್ರೆ.

ಅವಳ ಮನಸ್ಸು ಇದಾವುದರಲ್ಲೂ ಇರಲಿಲ್ಲ. "ಹಾಗಾದ್ರೆ ಅದು ಮತ್ತೆ ಬಂದಿಲ್ವಾ?"

"ಮೊದಲ ಸಲ ನಿಮ್ಮನ್ನ ಯಾರು ಕರ್ಕೊಂಡು ಬಂದ್ರು?"

"ಅಕ್ಕ. ದರದರ ಎಳ್ಕೊಂಡು."

"ಇವತ್ತು?"

"ನಾನೇ ಬಂದೆ."

"ಬಂದು ಸಾಲಲ್ಲಿ ಜಗಳಾನೂ ಆಡಿದ್ರಿ. ಒಳಗೆ ಕೇಳಿಸ್ತಿತ್ತು."

"ಆ ಮನುಷ್ಯ ಮಧ್ಯೆ ನುಗ್ಗಿದ, ಡಾಕ್ಟ್ರೇ! ಸುಮ್ನೆ ಬಿಡೋಕಾಗುತ್ತಾ?"

"ಮೊದಲ ಸಲ ಬಂದಾಗ ಯಾರಾದ್ರೂ ನಿಮ್ಮನ್ನ ತುಳ್ಕೊಂಡು ಹೋಗಿದ್ರೂ ಸುಮ್ನಿರ್ತಿದ್ರಿ."

ಅವಳಿಗೆ ಬಂದ ನಗು ತಲೆಸುತ್ತನ್ನೂ ಲೆಕ್ಕಿಸದೆ ಉಕ್ಕಿ, ಕಣ್ಣಲ್ಲಿ ನೀರು ತರಿಸಿತು. ಒಳಗೇನು ಗಲಾಟೆಯೆಂದು ಸಾಲಿನ ಮಧ್ಯೆ ನುಗ್ಗಿದ್ದ ಮಹಾಶಯ ಬಾಗಿಲು ಸರಿಸಿ ಇಣುಕಿದ.

"ಏನ್ರೀ ನೋಡ್ತೀರಿ? ನಿಮ್ಮ ಸರದಿ ಇನ್ನೂ ಬಂದಿಲ್ಲ!"